ಕಣದ ಪೆಟ್ಟು ಮತ್ತು ಮಧ್ಯಸ್ಥನ ಅಧಿಕಾರ: ಕರ್ನಾಟಕದ ಮಲ್ಲಯುದ್ಧದಲ್ಲಿ ರಕ್ಷಣೆಯ ನಿಯಮಗಳು

೧

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಆಡಳಿತದಲ್ಲಿ ಮಧುಗಿರಿ ಉಪವಿಭಾಗಕ್ಕೂ, ಶಿಕ್ಷಣ ಇಲಾಖೆಯ ವ್ಯವಸ್ಥೆಯಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಗೂ ಸೇರಿವೆ. ಇಲ್ಲಿಯ ಶಾಲಾ ಕಾಲೇಜುಗಳ ಬಯಲುಗಳಲ್ಲಿ ಕಬಡ್ಡಿಯ ಪಂದ್ಯ ನಡೆದಾಗ ಸೀಟಿ ಹಿಡಿದು ನಿಲ್ಲುವವರು ಸಾಮಾನ್ಯವಾಗಿ ವ್ಯಾಯಾಮ ಶಿಕ್ಷಕರೇ ಆಗಿರುತ್ತಾರೆ. ಆ ಶಿಕ್ಷಕರು ವಹಿಸುವ ಪಾತ್ರ ಹೊಸದೇನೂ ಅಲ್ಲ. ಇಬ್ಬರು ಬಲಶಾಲಿಗಳು ಸೆಣಸುತ್ತಿರುವಾಗ ಮೂರನೆಯವನೊಬ್ಬನು ಅಧಿಕಾರದಿಂದ ‘ಸಾಕು’ ಎಂದು ನಿಲ್ಲಿಸುವ ಪದ್ಧತಿಗೆ ಕನ್ನಡ ನಾಡಿನಲ್ಲಿ ಹಲವು ಶತಮಾನಗಳ ಚರಿತ್ರೆಯಿದೆ.

ಆಟದಲ್ಲಿ ಮೈಗೆ ಬೀಳುವ ಅಪಾಯಕರವಾದ ಪೆಟ್ಟನ್ನು ಯಾರು, ಯಾವ ಅಧಿಕಾರದಿಂದ, ಯಾವ ಗುರುತನ್ನು ಕಂಡು ತಡೆಯುತ್ತಿದ್ದರು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಮಲ್ಲರ ಶೌರ್ಯವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರವಣಿಗೆ ಬಂದಿದೆ. ಮಲ್ಲರ ರಕ್ಷಣೆಗೆ ಇದ್ದ ಏರ್ಪಾಡುಗಳನ್ನು ಪ್ರತ್ಯೇಕವಾಗಿ ಗಮನಿಸಿದವರು ಕಡಿಮೆ. ಈ ಏರ್ಪಾಡುಗಳನ್ನು ಕ್ರಮವಾಗಿ ನೋಡಿದರೆ, ಅವುಗಳಲ್ಲಿ ಯಾವುದು ಇಂದಿಗೂ ಸಲ್ಲುತ್ತದೆ, ಯಾವುದು ಸಾಲದಾಗಿದೆ ಎಂಬುದು ತಿಳಿಯುತ್ತದೆ.

೨

ನಿಯಮವಿರುವುದು ಬೇರೆ, ನಿಯಮವನ್ನು ನಡೆಸುವ ಅಧಿಕಾರವಿರುವುದು ಬೇರೆ. ಈ ಭೇದವನ್ನು ಮಹಾಭಾರತದ ಗದಾಯುದ್ಧದ ಪ್ರಸಂಗವೇ ತೋರಿಸಿಕೊಡುತ್ತದೆ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ಕಟ್ಟಳೆ. ಭೀಮನು ಅದನ್ನು ಮೀರಿ ದುರ್ಯೋಧನನ ತೊಡೆಯನ್ನು ಮುರಿದನು. ಇಬ್ಬರಿಗೂ ಗುರುವಾಗಿದ್ದ ಬಲರಾಮನು ಅಲ್ಲಿಯೇ ಇದ್ದನು; ಅಧರ್ಮವಾಯಿತೆಂದು ಕೆರಳಿ ನೇಗಿಲನ್ನು ಎತ್ತಿದನು; ಕೃಷ್ಣನು ಅವನನ್ನು ತಡೆದನು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರನ್ನ ಕವಿಯು ಚಾಲುಕ್ಯರ ಆಸ್ಥಾನದಲ್ಲಿದ್ದು ಇದೇ ವಸ್ತುವನ್ನೆತ್ತಿಕೊಂಡು ‘ಸಾಹಸಭೀಮವಿಜಯ’ವನ್ನು ರಚಿಸಿದುದರಿಂದ ಕನ್ನಡಿಗರಿಗೆ ಈ ಕಥೆ ಬಹು ಪರಿಚಿತವಾದುದು.

ಧರ್ಮಾಧರ್ಮಗಳ ಚರ್ಚೆಯನ್ನು ಪಕ್ಕಕ್ಕಿಟ್ಟು ಕಣದ ವ್ಯವಸ್ಥೆಯ ದೃಷ್ಟಿಯಿಂದ ಮಾತ್ರ ಇದನ್ನು ನೋಡೋಣ. ಅಲ್ಲಿ ನಿಯಮವಿತ್ತು, ನಿಯಮ ಬಲ್ಲವನೂ ಇದ್ದನು. ಆದರೆ ಪೆಟ್ಟು ಬೀಳುವ ಮೊದಲು ಕಾದಾಟವನ್ನು ನಿಲ್ಲಿಸುವ ಅಧಿಕಾರ ಅವನಿಗಿರಲಿಲ್ಲ. ತೊಡೆ ಮುರಿದ ಬಳಿಕ ಬಂದ ಕೋಪದಿಂದ ಬಿದ್ದವನಿಗೆ ಯಾವ ಪ್ರಯೋಜನವೂ ಆಗಲಿಲ್ಲ. ಮುಂದಿನ ಕಾಲದ ಅರಸರು ತಮ್ಮ ಮನರಂಜನೆಗಾಗಿ ಮಲ್ಲರನ್ನು ಸಾಕಿದಾಗ, ಮಲ್ಲನು ಬದುಕಿ ಮತ್ತೊಮ್ಮೆ ಕಣಕ್ಕಿಳಿಯಬೇಕಾದ ಅಗತ್ಯವಿದ್ದುದರಿಂದ, ಈ ಕೊರತೆಯನ್ನು ತುಂಬುವ ಉಪಾಯಗಳು ಒಂದೊಂದಾಗಿ ಹುಟ್ಟಿಕೊಂಡವು.

೩

ಅವುಗಳಲ್ಲಿ ಮೊದಲನೆಯದು ಸಮಬಲರನ್ನು ಮಾತ್ರ ಎದುರುಬದುರು ನಿಲ್ಲಿಸುವುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅದರಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಾಗಿ ವಿಂಗಡಿಸಿದೆ. ಅವರ ಆಹಾರವನ್ನು ಹೇಳಿದೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾದ ಸಾಧನೆಗಳನ್ನು ವಿವರಿಸಿದೆ. ಕಣಕ್ಕಿಳಿಯುವವನು ಯಾವ ದರ್ಜೆಯವನು, ಎಷ್ಟು ಪಳಗಿದವನು ಎಂಬುದನ್ನು ಮೊದಲೇ ನಿರ್ಣಯಿಸಿದರೆ ಎಳೆಯನು ಪಳಗಿದವನ ಕೈಗೆ ಸಿಕ್ಕಿ ನುಗ್ಗಾಗುವ ಸಂಭವ ಕಡಿಮೆಯಾಗುತ್ತದೆ. ಮೇಲುನೋಟಕ್ಕೆ ಇದು ಗೌರವದ ವರ್ಗೀಕರಣವಾಗಿ ಕಂಡರೂ, ಇದರ ಪರಿಣಾಮವು ರಕ್ಷಣೆಯೇ ಆಗಿದೆ.

ಈ ಗ್ರಂಥಕ್ಕೂ ನಮ್ಮ ನಾಲ್ಕು ತಾಲ್ಲೂಕುಗಳಿಗೂ ರಾಜಕೀಯವಾದ ಒಂದು ಸಂಬಂಧವಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಿಂದ ಆಳುತ್ತಿದ್ದ ಚೋಳ ಮನೆತನದವರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಹೀಗೆ ಈ ಸೀಮೆಯು ಮಲ್ಲರ ದರ್ಜೆಗಳನ್ನು ಬರೆದಿಟ್ಟ ಅರಸೊತ್ತಿಗೆಯ ಅಧೀನದಲ್ಲಿಯೇ ಇದ್ದಿತು. ಮುಂದೆ ಅದು ವಿಜಯನಗರಕ್ಕೂ, ಕೊನೆಗೆ ಮೈಸೂರಿಗೂ ಸೇರಿತು. ಕಣದ ನಿಯಮಗಳ ಚರಿತ್ರೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ‘ಜೆಟ್ಟಿ’ ಎಂಬ ಕನ್ನಡ ಮಾತು ‘ಜ್ಯೇಷ್ಠಿ’ ಎಂಬುದರ ರೂಪವೆಂದು ವಿದ್ವಾಂಸರು ಹೇಳುವುದನ್ನೂ ಇಲ್ಲಿ ನೆನೆಯಬಹುದು. ಮೈಸೂರು ದಸರೆಯ ಕುಸ್ತಿಗಳಿಗೆ ಮುನ್ನ ಪೈಲ್ವಾನರನ್ನು ಕರೆಸಿ, ವಯಸ್ಸು, ತೂಕ, ಪಳಗಿಕೆಗಳನ್ನು ನೋಡಿ ‘ಜೋಡಿ ಕಟ್ಟುವ’ ವಾಡಿಕೆ ಇಂದಿಗೂ ಇರುವುದು ಈ ಹಳೆಯ ಉಪಾಯದ ಮುಂದುವರಿಕೆಯೆಂದೇ ಭಾವಿಸಬಹುದು.

೪

ಎರಡನೆಯ ಉಪಾಯವು ಕಣದಲ್ಲಿ ಮಧ್ಯಸ್ಥರನ್ನು ನಿಲ್ಲಿಸುವುದು. ಸುಮಾರು ೧೫೨೦ರಲ್ಲಿ ಕೃಷ್ಣದೇವರಾಯನ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಮಹಾನವಮಿಯ ಉತ್ಸವವನ್ನು ವರ್ಣಿಸುವಾಗ ಮಲ್ಲರ ಕಾಳಗವನ್ನೂ ವರ್ಣಿಸಿದ್ದಾನೆ. ಈ ಕಾಳಗ ತನ್ನ ನಾಡಿನ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖವನ್ನೇ ಕೆಡಿಸುವ ಹೊಡೆತಗಳು ಇದರಲ್ಲಿವೆಯೆಂದೂ, ಮಾತು ನಿಂತವರನ್ನು ಗೆಳೆಯರು ಹೊತ್ತುಕೊಂಡು ಹೋಗುವರೆಂದೂ ಅವನು ಬರೆದಿದ್ದಾನೆ. ಅದೇ ವರ್ಣನೆಯಲ್ಲಿ, ಮಲ್ಲರಿಗೆ ತಮ್ಮ ನಾಯಕರೂ ತೀರ್ಪುಗಾರರೂ ಇದ್ದರೆಂದೂ, ಇಬ್ಬರನ್ನೂ ಸಮಾನ ಸ್ಥಿತಿಯಲ್ಲಿ ಕಣಕ್ಕಿಳಿಸುವುದೂ ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಿರ್ಣಯಿಸುವುದೂ ಅವರ ಕೆಲಸವೆಂದೂ ತಿಳಿಸಿದ್ದಾನೆ.

ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಓದಬೇಕು. ತೀರ್ಪುಗಾರರು ಇದ್ದರು; ಆದರೂ ಮಾತು ನಿಂತವರನ್ನು ಹೊತ್ತೊಯ್ಯಬೇಕಾಗುತ್ತಿತ್ತು. ಪಾಯೆಸನು ಹೇಳುವ ತೀರ್ಪುಗಾರರ ಕೆಲಸವು ಕಾಳಗದ ಆರಂಭಕ್ಕೂ ಅಂತ್ಯಕ್ಕೂ ಸಂಬಂಧಿಸಿದುದು. ಪೆಟ್ಟಿಗೂ ಪೆಟ್ಟಿಗೂ ನಡುವೆ ಅವರು ಕೈ ಹಾಕುತ್ತಿದ್ದರೆಂಬುದಕ್ಕೆ ಅವನ ವರ್ಣನೆಯಲ್ಲಿ ಆಧಾರವಿಲ್ಲ. ಬಲರಾಮನ ಸ್ಥಿತಿಗಿಂತ ಇದು ಮುಂದಿನ ಹೆಜ್ಜೆ ನಿಜ. ಆದರೆ ಪೂರ್ಣವಾದ ರಕ್ಷಣೆಯಲ್ಲ.

೫

ವಿಜಯನಗರದ ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರಿನ ಅಧಿಕಾರವು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹರಡಿದುದು ಅದರ ನಂತರದ ಶತಮಾನಗಳಲ್ಲಿ. ಮಧುಗಿರಿಯ ದುರ್ಗವು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ೧೬೭೮ರಲ್ಲಿ ಮೈಸೂರಿನ ವಶವಾಯಿತು. ೧೬೮೭ರಿಂದ ಮೊಗಲರ ಪ್ರಾಂತ್ಯದ ರಾಜಧಾನಿಯಾಗಿದ್ದ ಶಿರಾವನ್ನು ಹೈದರನು ೧೭೬೧ರಲ್ಲಿ ಹಿಡಿದನು. ಪಾಳೆಯಗಾರರ ಕೈಯಲ್ಲಿದ್ದ ಕೊರಟಗೆರೆ, ಪಾವಗಡಗಳೂ ಮೈಸೂರಿಗೆ ಸೇರಿದವು.

ಆ ಮೈಸೂರಿನ ಕಣವನ್ನು ಕುರಿತು ಅಮೂಲ್ಯವಾದ ಸಾಕ್ಷ್ಯವನ್ನು ಕೊಟ್ಟವನು, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ೧೮೧೦ರಿಂದ ೧೮೧೭ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ಅವನು ದಸರೆಯ ಜೆಟ್ಟಿ ಕಾಳಗವನ್ನು ವಿವರವಾಗಿ ವರ್ಣಿಸಿದ್ದಾನೆ. ಜೆಟ್ಟಿಯು ಬಲಗೈಯಲ್ಲಿ ಎಮ್ಮೆಯ ಕೊಂಬಿನಿಂದ ಮಾಡಿದ, ಬೆರಳ ಗೆಣ್ಣುಗಳಂತೆ ಚೂಪಾದ ಮೊನೆಗಳುಳ್ಳ ಆಯುಧವನ್ನು ಧರಿಸುತ್ತಿದ್ದನು. ಇದೇ ವಜ್ರಮುಷ್ಟಿ. ಕುಸ್ತಿಯ ಪಟ್ಟುಗಳ ಜೊತೆಗೆ ಮುಷ್ಟಿಯ ಹೊಡೆತಗಳೂ ಈ ಕಾಳಗದಲ್ಲಿ ಸೇರಿದ್ದವು. ಹೊಡೆತಕ್ಕೆ ತಲೆಯೊಂದೇ ಗುರಿ, ಮೈಯ ಬೇರಾವ ಭಾಗಕ್ಕೂ ಹೊಡೆಯುವಂತಿರಲಿಲ್ಲ.

ವಿಲ್ಕ್ಸನ ವರ್ಣನೆಯಲ್ಲಿ ರಕ್ಷಣೆಗೆ ಸಂಬಂಧಿಸಿದ ಮೂರು ಸಂಗತಿಗಳಿವೆ. ಮೊದಲನೆಯದು ಆಯುಧವನ್ನು ತೊಡುವ ರೀತಿ. ಅದನ್ನು ಗಟ್ಟಿಯಾಗಿ ಹಿಡಿದು ಹೊಡೆದರೆ ಸಾಮಾನ್ಯ ಬಲದವನೂ ಎದುರಾಳಿಯ ತಲೆಯನ್ನು ಒಂದೇ ಪೆಟ್ಟಿಗೆ ಸೀಳಬಲ್ಲನು. ಆದರೆ ಅದನ್ನು ಬೆರಳುಗಳ ಕೀಲುಗಳ ನಡುವೆ ಅಡ್ಡಲಾಗಿ ಕಟ್ಟುತ್ತಿದ್ದುದರಿಂದ, ಬಲವಾಗಿ ಹೊಡೆಯಲು ಹೋದವನ ಬೆರಳುಗಳೇ ಕೀಲು ತಪ್ಪುವ ಅಪಾಯವಿತ್ತು. ಹೀಗೆ ಹೊಡೆಯುವವನ ಕೈಯನ್ನು ಅವನ ಆಯುಧವೇ ತಡೆಯುತ್ತಿತ್ತು. ಎರಡನೆಯದು ದರ್ಜೆಗಳ ಪದ್ಧತಿ. ಜೆಟ್ಟಿಗಳಲ್ಲಿ ಐದು ದರ್ಜೆಗಳಿದ್ದು, ಗೆದ್ದವನು ಸಾಮಾನ್ಯವಾಗಿ ಮೇಲಿನ ದರ್ಜೆಗೆ ಏರುತ್ತಿದ್ದನು. ಮಾನಸೋಲ್ಲಾಸದ ಕ್ರಮದ ನೆನಪನ್ನು ಇದು ತರುತ್ತದೆ.

ಮೂರನೆಯದು ನಮ್ಮ ವಿಷಯಕ್ಕೆ ಅತಿ ಮುಖ್ಯವಾದುದು. ಗೆಲುವು ಸ್ಪಷ್ಟವಾದಾಗ, ಅಥವಾ ಕಾಳಗವು ಮಿತಿಮೀರಿ ಉಗ್ರವಾದಾಗ, ಅರಸರ ಬಳಿ ಇದ್ದ ಮಧ್ಯಸ್ಥರು ಪೇಟಗಳನ್ನೂ ವಸ್ತ್ರಗಳನ್ನೂ ಕಣಕ್ಕೆ ಎಸೆಯುತ್ತಿದ್ದರು. ಅದೇ ನಿಲ್ಲಿಸಬೇಕೆಂಬ ಸನ್ನೆ. ಕಾದಿದವರಿಗೆ ಸಲ್ಲುವ ಉಡುಗೊರೆಯೂ ಅದೇ. ಇಲ್ಲಿ ವಿವೇಕವಿದೆ. ರೋಷವೇರಿದ ಜೆಟ್ಟಿಯು ತಾನಾಗಿ ಹಿಂದೆ ಸರಿದರೆ ಹೇಡಿಯೆನಿಸಿಕೊಳ್ಳುವನು. ಆದುದರಿಂದ ಅವನು ಸರಿಯುವುದಿಲ್ಲ. ಅರಸನ ಕೈಯಿಂದ ಪೇಟ ಬಂದಾಗ ನಿಲ್ಲುವುದು ಮಾತ್ರ ಅಪಮಾನವಾಗದೆ ಮರ್ಯಾದೆಯಾಗುತ್ತದೆ. ನಿಲ್ಲಿಸುವ ಸನ್ನೆಯನ್ನು ಸನ್ಮಾನದೊಡನೆ ಬೆಸೆದ ಕಾರಣದಿಂದಲೇ ಆ ಸನ್ನೆಗೆ ಬೆಲೆಯಿತ್ತು.

ಇಷ್ಟಾದರೂ ಕಾಳಗ ಮುಗಿಯುವ ವೇಳೆಗೆ ಇಬ್ಬರ ನೆತ್ತಿಯಿಂದಲೂ ರಕ್ತ ಮರಳಿಗೆ ಸುರಿಯುತ್ತಿದ್ದುದುಂಟೆಂದು ವಿಲ್ಕ್ಸನೇ ಹೇಳುತ್ತಾನೆ. ಇಂದು ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವು ಮೊದಲ ಹನಿ ರಕ್ತ ಕಂಡೊಡನೆ ನಿಲ್ಲುತ್ತದೆ. ಅದರ ಕಾಲಾವಧಿ ಹೆಚ್ಚಾಗಿ ಕೆಲವು ಕ್ಷಣಗಳು ಮಾತ್ರ. ರಕ್ತ ಸುರಿಯುವವರೆಗೆ ನಡೆಯುತ್ತಿದ್ದ ಕಾಳಗವು ಮೊದಲ ಹನಿಗೆ ನಿಲ್ಲುವಂತಾದುದು ಈ ಪರಂಪರೆಯೊಳಗೇ ಆದ ಬದಲಾವಣೆ. ಹಳೆಯ ಆಚರಣೆಯು ತನ್ನ ಸ್ವರೂಪವನ್ನು ಉಳಿಸಿಕೊಂಡೇ ಮೃದುವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

೬

ಮಧ್ಯಸ್ಥನು ನಡುವೆ ಕೈ ಹಾಕಬೇಕೆಂಬ ತತ್ತ್ವವು ಎಷ್ಟು ಕಷ್ಟದಿಂದ ಸಿದ್ಧಿಸುವುದೆಂಬುದನ್ನು ಅರಿಯಲು ಹೊರನಾಡಿನ ಒಂದು ನಿದರ್ಶನವನ್ನು ಹೋಲಿಸಿ ನೋಡುವುದು ಉಪಯುಕ್ತ. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಮೈಯಿಂದ ಅಪ್ಪಳಿಸಿ ಕೆಡಹುವ ಆಟ. ೧೯೦೫ರ ಒಂದೇ ಋತುವಿನಲ್ಲಿ ಈ ಆಟದಿಂದ ೧೮ ಮಂದಿ ಸತ್ತರೆಂದು ಪತ್ರಿಕೆಗಳು ವರದಿ ಮಾಡಿದವು. ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟನು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಲಯಗಳ ಪ್ರತಿನಿಧಿಗಳನ್ನು ತನ್ನ ನಿವಾಸಕ್ಕೆ ಕರೆಸಿ ಆಟವನ್ನು ಸುಧಾರಿಸುವಂತೆ ಒತ್ತಾಯಿಸಿದನು. ೧೯೦೬ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಕೊಟ್ಟುದು ಆ ಸುಧಾರಣೆಗಳಲ್ಲೊಂದು. ಒಂದೇ ಕಡೆ ಗುಂಪುಗಟ್ಟಿ ತುಳಿದಾಡುವುದು ಇದರಿಂದ ತಪ್ಪೀತೆಂಬುದು ಆಶಯ.

ಆದರೆ ಒಂದು ಅಪಾಯವನ್ನು ತಪ್ಪಿಸಲು ಮಾಡಿದ ಏರ್ಪಾಡಿನಿಂದ ಇನ್ನೊಂದು ಹುಟ್ಟಿತು. ಚೆಂಡನ್ನು ಎಸೆಯುವ ಹೊಣೆ ‘ಕ್ವಾರ್ಟರ್‌ಬ್ಯಾಕ್’ ಎಂಬ ಆಟಗಾರನಿಗೆ ಬಂದಿತು. ಅವನ ಕಣ್ಣು ದೂರದಲ್ಲಿ, ಕೈ ಮೇಲಕ್ಕೆ. ಮೈ ಮಾತ್ರ ಎದುರಾಳಿಗಳಿಗೆ ಪೂರ್ಣವಾಗಿ ತೆರೆದಿರುತ್ತದೆ. ಚೆಂಡು ಕೈಬಿಟ್ಟ ಮೇಲೆ ಅವನನ್ನು ಅಪ್ಪಳಿಸುವುದನ್ನು ವೃತ್ತಿಪರ ಲೀಗು ೧೯೩೮ರಲ್ಲಿ ದಂಡನೀಯವೆಂದಿತು. ಎದುರಾಳಿಯ ಹಿಡಿತದಲ್ಲಿ ಅವನು ಸ್ಪಷ್ಟವಾಗಿ ಸಿಕ್ಕಿದೊಡನೆ, ನೆಲಕ್ಕೆ ಬೀಳುವ ಮೊದಲೇ ತೀರ್ಪುಗಾರನು ಸೀಟಿ ಊದಿ ಆಟ ನಿಲ್ಲಿಸಬೇಕೆಂಬ ನಿಯಮ ೧೯೭೯ರಲ್ಲಿ ಬಂದಿತು. ಮೊಣಕಾಲಿನ ಕೆಳಗಿನ ಹೊಡೆತಗಳನ್ನು ತಡೆಯುವ ನಿಯಮಗಳು ೨೦೦೬ರಲ್ಲಿಯೂ ೨೦೦೯ರಲ್ಲಿಯೂ ಬಿಗಿಯಾದವು. ಮೈಯ ಪೂರ್ಣಭಾರವನ್ನು ಅವನ ಮೇಲೆ ಹಾಕಿ ಬೀಳುವುದನ್ನು ೨೦೧೮ರಿಂದ ಕಟ್ಟುನಿಟ್ಟಾಗಿ ದಂಡಿಸತೊಡಗಿದರು.

ಇವುಗಳಿಂದ ಆಟದ ಕೆಚ್ಚು ಕುಗ್ಗಿತೆಂದು ಆಕ್ಷೇಪಿಸಿದವರು ಅಲ್ಲಿ ಬಹಳ ಮಂದಿ. ಆದರೆ ೧೯೭೯ರ ಸೀಟಿಯೂ ಮೈಸೂರಿನ ಕಣಕ್ಕೆ ಬೀಳುತ್ತಿದ್ದ ಪೇಟವೂ ಒಂದೇ ಉದ್ದೇಶವನ್ನು ಸಾಧಿಸುತ್ತವೆ. ಫಲಿತಾಂಶವು ತೀರ್ಮಾನವಾದ ಮೇಲೆ ಬೀಳುವ ಪೆಟ್ಟು ಆಟದ ಭಾಗವಲ್ಲ ಎಂಬುದನ್ನು ಎರಡೂ ಒಪ್ಪಿಕೊಳ್ಳುತ್ತವೆ. ಜೆಟ್ಟಿಗಳ ಕಣದಲ್ಲಿ ಈ ನಿಯಮವಿದ್ದುದರಿಂದ ಅವರನ್ನು ಯಾರೂ ಹೇಡಿಗಳೆಂದು ಕರೆಯಲಿಲ್ಲ.

೭

ಈ ಎಲ್ಲ ಏರ್ಪಾಡುಗಳಿಗೂ ಸಾಮಾನ್ಯವಾದ ಒಂದು ಮಿತಿಯಿದೆ. ವಜ್ರಮುಷ್ಟಿಯ ಮಧ್ಯಸ್ಥನಿಗೆ ಗುರುತು ರಕ್ತ. ಅದು ಎಲ್ಲರಿಗೂ ಕಾಣುತ್ತದೆ, ವಾದಕ್ಕೆ ಎಡೆಯಿಲ್ಲ. ಆದರೆ ರಕ್ತವು ಚರ್ಮದ ಗಾಯದ ಗುರುತೇ ಹೊರತು ಮಿದುಳಿನ ಗಾಯದ ಗುರುತಲ್ಲ. ತಲೆಗೆ ಬಿದ್ದ ಅಪ್ಪಳಿಕೆಯಿಂದ ಮಿದುಳು ತಲೆಬುರುಡೆಯೊಳಗೆ ಅಲುಗಿದಾಗ ಹೊರಗೆ ಒಂದು ಗೀರೂ ಕಾಣದಿರಬಹುದು. ಆಟಗಾರನು ಎದ್ದು ನಿಲ್ಲುತ್ತಾನೆ, ತನಗೇನೂ ಆಗಿಲ್ಲವೆನ್ನುತ್ತಾನೆ. ತಲೆನೋವು, ಮಂಕು, ವಾಂತಿ, ಮರೆವು, ತೂರಾಟಗಳು ಆಗಲೇ ಕಾಣಿಸಬಹುದು, ಗಂಟೆಗಳ ಬಳಿಕ ಕಾಣಿಸಲೂಬಹುದು. ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರನು ೨೦೦೨ರಲ್ಲಿ ಸತ್ತಾಗ ಅವನ ಮಿದುಳನ್ನು ವೈದ್ಯ ಬೆನೆಟ್ ಒಮಾಲು ಪರೀಕ್ಷಿಸಿದನು. ಹಲವು ವರ್ಷಗಳ ಕಾಲ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದಾದ ಹಾನಿಯನ್ನು ಅದರಲ್ಲಿ ಗುರುತಿಸಿ ೨೦೦೫ರಲ್ಲಿ ಪ್ರಕಟಿಸಿದನು. ನಿವೃತ್ತ ಆಟಗಾರರಿಗೆ ಪರಿಹಾರ ಕೊಡುವ ಒಪ್ಪಂದವೊಂದಕ್ಕೆ ಅಲ್ಲಿಯ ನ್ಯಾಯಾಲಯವು ೨೦೧೫ರಲ್ಲಿ ಅನುಮೋದನೆ ನೀಡಿತು.

ಕ್ರೀಡೆಯಲ್ಲಿ ಮಿದುಳಿಗಾಗುವ ಆಘಾತವನ್ನು ಕುರಿತ ಅಂತರರಾಷ್ಟ್ರೀಯ ವೈದ್ಯರ ಮೊದಲ ಸಮಾವೇಶ ೨೦೦೧ರಲ್ಲಿ ವಿಯೆನ್ನಾದಲ್ಲಿ ನಡೆಯಿತು. ಆಘಾತದ ಶಂಕೆಯುಳ್ಳ ಆಟಗಾರನು ಅದೇ ದಿನ ಮತ್ತೆ ಆಡಬಾರದೆಂಬುದು ಅನಂತರದ ಸಮಾವೇಶಗಳಲ್ಲಿ ಸರ್ವಸಮ್ಮತವಾದ ಸೂತ್ರವಾಯಿತು. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಇನ್ನೊಬ್ಬನು ಪೂರ್ಣವಾಗಿ ಆಡಬಹುದೆಂಬ ನಿಯಮ ೨೦೧೯ರಲ್ಲಿ ಬಂದುದು ಇದರ ಫಲವೇ.

ಕನ್ನಡ ನಾಡಿಗೆ ಈ ಮಾತು ದೂರದ್ದಲ್ಲ. ೨೦೨೨ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ತರುಣನೊಬ್ಬನು ತಲೆಗೆ ಪೆಟ್ಟು ಬಿದ್ದು ಕುಸಿದು, ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟನು. ಜೆಟ್ಟಿಗಳ ಊರಿನ ಹುಡುಗನು, ಪೇಟ ಎಸೆಯುವ ಸಂಪ್ರದಾಯ ಬೆಳೆದ ನಾಡಿನಲ್ಲಿಯೇ ಹೀಗೆ ಸತ್ತುದು ಯೋಚಿಸಬೇಕಾದ ಸಂಗತಿ.

೮

ಈಗ ಪುನಃ ನಮ್ಮ ನಾಲ್ಕು ತಾಲ್ಲೂಕುಗಳ ಬಯಲುಗಳಿಗೆ ಬರೋಣ. ಕಬಡ್ಡಿಯಲ್ಲಿ ದಾಳಿ ಮಾಡುವವನ ಸ್ಥಿತಿ ಕ್ವಾರ್ಟರ್‌ಬ್ಯಾಕನ ಸ್ಥಿತಿಯನ್ನು ಹೋಲುತ್ತದೆ. ಒಬ್ಬನು ಉಸಿರು ಹಿಡಿದು ‘ಕಬಡ್ಡಿ’ ಎನ್ನುತ್ತ ಏಳು ಮಂದಿಯ ನಡುವೆ ಹೊಗುತ್ತಾನೆ. ಅವರೆಲ್ಲರ ಗುರಿ ಅವನೊಬ್ಬನೇ. ಅವನ ಬಾಯಿ ಮುಚ್ಚುವುದು, ಕುತ್ತಿಗೆ ಹಿಚುಕುವುದು, ಗಾಯವಾಗುವಂತೆ ಉಗ್ರವಾಗಿ ಕೆಡಹುವುದು, ಕಾಲುಗಳಿಂದ ಕತ್ತರಿ ಹಾಕುವುದು, ಇವೆಲ್ಲವೂ ಕಬಡ್ಡಿಯ ನಿಯಮಾವಳಿಯಲ್ಲಿ ನಿಷಿದ್ಧ. ಎಚ್ಚರಿಕೆಗೆ ಹಸಿರು, ತಾತ್ಕಾಲಿಕವಾಗಿ ಹೊರಗಿಡಲು ಹಳದಿ, ಪಂದ್ಯದಿಂದಲೇ ಹೊರಗಟ್ಟಲು ಕೆಂಪು ಚೀಟಿಗಳನ್ನು ತೋರಿಸುವ ಅಧಿಕಾರ ತೀರ್ಪುಗಾರನಿಗಿದೆ. ೨೦೧೪ರಲ್ಲಿ ವೃತ್ತಿಪರ ಲೀಗು ಆರಂಭವಾದಂದಿನಿಂದ ಹಳ್ಳಿಯ ಹುಡುಗರು ದೂರದರ್ಶನದಲ್ಲಿ ಕಂಡ ಪಟ್ಟುಗಳನ್ನು ಅನುಕರಿಸುತ್ತಿದ್ದಾರೆ. ಆದರೆ ಆ ಲೀಗಿನ ಆಟ ನಡೆಯುವುದು ಮೆತ್ತನೆಯ ಹಾಸಿನ ಮೇಲೆ, ವೈದ್ಯರ ಸಮ್ಮುಖದಲ್ಲಿ. ಹಳೆಯ ಗರಡಿಗಳಲ್ಲಿಯೂ ಮಣ್ಣನ್ನು ಅಗೆದು, ಜರಡಿ ಹಿಡಿದು ಮೆತ್ತಗಾಗಿಸಿದ ಹೊರತು ಕುಸ್ತಿಗೆ ಇಳಿಯುತ್ತಿರಲಿಲ್ಲ. ಮಳೆ ಕಡಿಮೆಯಾದ ಪಾವಗಡ, ಶಿರಾ ಸೀಮೆಯ ಗಟ್ಟಿನೆಲದ ಮೇಲೆ ಅದೇ ಪಟ್ಟನ್ನು ಹಾಕಿದರೆ ಪರಿಣಾಮವು ಬೇರೆಯೇ ಆಗುತ್ತದೆ.

ಚರಿತ್ರೆಯಿಂದ ದೊರೆಯುವ ನಾಲ್ಕು ಉಪಾಯಗಳನ್ನು ಇಲ್ಲಿಗೆ ಅನ್ವಯಿಸಬಹುದು. ಮಾನಸೋಲ್ಲಾಸದ ದರ್ಜೆಗಳಂತೆ ವಯಸ್ಸನ್ನೂ ತೂಕವನ್ನೂ ನೋಡಿ ತಂಡ ಕಟ್ಟುವುದು ಮೊದಲನೆಯದು. ಗರಡಿಯ ಮಣ್ಣಿನಂತೆ ನೆಲವನ್ನು ಹದಮಾಡುವುದು ಎರಡನೆಯದು. ನಿಷಿದ್ಧವಾದ ಪಟ್ಟನ್ನು ಹಾಕಿದವನನ್ನು ಗಾಯವಾಗಿದೆಯೋ ಇಲ್ಲವೋ ಎಂದು ನೋಡದೆ ದಂಡಿಸುವುದು ಮೂರನೆಯದು. ತಲೆಗೆ ಪೆಟ್ಟು ಬಿದ್ದವನನ್ನು, ರಕ್ತ ಕಾಣದಿದ್ದರೂ ಅವನೇ ಬೇಡವೆಂದರೂ, ಹೊರಗೆ ಕರೆದು ಆ ದಿನ ಮತ್ತೆ ಆಡಿಸದೆ, ವೈದ್ಯರ ಪರೀಕ್ಷೆಗೆ ಒಪ್ಪಿಸುವುದು ನಾಲ್ಕನೆಯದು. ಇವುಗಳಲ್ಲಿ ಮೊದಲ ಮೂರನ್ನು ಹಿಂದಿನವರು ತಮ್ಮ ರೀತಿಯಲ್ಲಿ ಬಲ್ಲವರಾಗಿದ್ದರು. ನಾಲ್ಕನೆಯದರಲ್ಲಿ ನಿಲ್ಲಿಸುವ ಅಧಿಕಾರ ಹಳೆಯದು, ಅದರ ಗುರುತು ಮಾತ್ರ ಹೊಸದು.

ಅರಸರ ಕಾಲದಲ್ಲಿ ಕಣದ ಒಡೆಯನು ಯಾರೆಂಬುದರಲ್ಲಿ ಸಂದೇಹವಿರಲಿಲ್ಲ. ಆದುದರಿಂದ ನಿಲ್ಲಿಸುವ ಕೈ ಯಾರದೆಂಬುದರಲ್ಲಿಯೂ ಸಂದೇಹವಿರಲಿಲ್ಲ. ಇಂದು ಜಾತ್ರೆಯ ಸಮಿತಿ, ಯುವಕ ಸಂಘ, ಶಾಲೆ, ಇಲಾಖೆ ಇವುಗಳಲ್ಲಿ ಪಂದ್ಯವನ್ನು ಏರ್ಪಡಿಸುವವರು ಹಲವರು. ಬಹುಮಾನ ಕೊಡಲು ಮುಂದೆ ಬರುವಷ್ಟು ಮಂದಿ ಆಟ ನಿಲ್ಲಿಸುವ ಹೊಣೆ ಹೊರಲು ಬರುವುದಿಲ್ಲ. ಮೈಸೂರಿನ ಕಣದಲ್ಲಿ ಈ ಎರಡು ಕೆಲಸಗಳನ್ನೂ ಒಂದೇ ಕೈ ಮಾಡುತ್ತಿತ್ತೆಂಬುದನ್ನು ನೆನೆದರೆ, ಬಹುಮಾನ ಕೊಡುವವರೇ ಮಧ್ಯಸ್ಥನನ್ನೂ ವೈದ್ಯನನ್ನೂ ಒದಗಿಸತಕ್ಕದ್ದೆಂಬ ನ್ಯಾಯ ತಾನಾಗಿ ಹೊರಡುತ್ತದೆ. ಹೊರಗೆ ಕರೆಯಲ್ಪಟ್ಟ ಆಟಗಾರನನ್ನು ಸೋತವನಂತೆ ಕಾಣದೆ ತಂಡದ ಗೌರವದಲ್ಲಿ ಸಮಭಾಗಿಯೆಂದು ಎಣಿಸಿದರೆ, ಅವನು ನೋವನ್ನು ಮುಚ್ಚಿಡಲು ಕಾರಣವಿರುವುದಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಪಟ್ಟುಗಳನ್ನು ಕಲಿಸುವ ಶಿಕ್ಷಕರು ಇದನ್ನೂ ಕಲಿಸಬೇಕಾಗಿದೆ. ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ಊರಿನ ಗರಡಿಮನೆಗಳ ಕಟ್ಟಳೆಗಳನ್ನು ಹಿರಿಯ ಉಸ್ತಾದರಿಂದ ಕೇಳಿ ಬರೆದಿಡಬೇಕಾಗಿದೆ. ಆ ಕಟ್ಟಳೆಗಳಲ್ಲಿ ಮಲ್ಲರ ಬಲದ ಜೊತೆಗೆ, ಅವರನ್ನು ಉಳಿಸಿದವರ ವಿವೇಕವೂ ಅಡಗಿದೆ.